ವಾಪಸ್ ಬಾರದ ಪಾತ್ರೆಗಳು: ಲಂಡನ್ನಿನ ಒಂದು ರಾತ್ರಿ ಮತ್ತು ಮೆಮೊರಿ ಲೀಕಿನ ಚರಿತ್ರೆ

“ಸರ್, ರೀಸ್ಟಾರ್ಟ್ ಮಾಡಿದ್ರ ಸರಿ ಆಗ್ತೈತ್ರಿ. ಆದ್ರ ಯಾಕ್ ಸರಿ ಆಗ್ತೈತಿ ಅಂತ ನಮಗ್ ಗೊತ್ತಿಲ್ಲರಿ.”

ಕೆಲವು ವರ್ಷಗಳ ಹಿಂದೆ ಪುಣೆಯ ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಧಾರವಾಡದ ಹುಡುಗಿಯೊಬ್ಬಳು ನನಗೆ ಹೇಳಿದ ಮಾತು ಇದು. ನಾವು ಆಗ ಒಂದು ಆಸ್ಪತ್ರೆಯ ಲ್ಯಾಬ್ ವರದಿಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆವು. ರಕ್ತಪರೀಕ್ಷೆಯ ಫಲಿತಾಂಶ ಲ್ಯಾಬಿನಿಂದ ಸರ್ವರಿಗೆ ಬಂದು, ಅಲ್ಲಿಂದ ವಾರ್ಡುಗಳ ಕಂಪ್ಯೂಟರಿಗೆ ಹೋಗಬೇಕು. ಬೆಳಿಗ್ಗೆ ಚುರುಕಾಗಿರುತ್ತಿದ್ದ ಸರ್ವರ್ ರಾತ್ರಿಯ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಅದಕ್ಕೆ ನಾವು ಕಂಡುಕೊಂಡಿದ್ದ ಮದ್ದು ಸರಳ: ಪ್ರತಿದಿನ ನಸುಕಿನ 2 ಗಂಟೆಗೆ ಅದು ತಾನಾಗಿ ರೀಸ್ಟಾರ್ಟ್ ಆಗುವಂತೆ ಮಾಡಿದ್ದೆವು. ಇದು ಮೆಮೊರಿ ಲೀಕ್ ಇರಬಹುದು, ಹುಡುಕಲು ಎರಡು ವಾರ ಬೇಕು ಎಂದು ಅವಳು ಟಿಕೆಟ್ ಹಾಕಿದಳು. “ಸದ್ಯಕ್ಕೆ ಹೀಗೇ ನಡೀಲಿ, ಮುಂದಿನ ರಿಲೀಸ್‌ನಲ್ಲಿ ನೋಡೋಣ” ಎಂದು ನಾನು ಅದನ್ನು ಮುಚ್ಚಿದೆ. ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಆ ಅಧಿಕಾರ ಇರುತ್ತದೆ.

ಆಮೇಲೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಲಂಡನ್ನಿನಲ್ಲಿ 1992ರಲ್ಲಿ ನಡೆದ ಒಂದು ಪ್ರಕರಣವನ್ನು ಹೇಳಬೇಕು. ಎಂಟೆಕ್ ಓದುವಾಗ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪುಸ್ತಕದಲ್ಲಿ ಅದರ ಬಗ್ಗೆ ಅರ್ಧ ಪುಟ ಓದಿ ಪರೀಕ್ಷೆ ಬರೆದಿದ್ದೆ. ಪೂರ್ತಿ ತನಿಖಾ ವರದಿಯನ್ನು ಓದಿದ್ದು ಮಾತ್ರ ನಮ್ಮ ಪೆಟ್ಟು ತಿಂದ ಮೇಲೆ.

ಪಾತ್ರೆ ಕೋಣೆಯ ಲೆಕ್ಕ

ಈ ಇ-ಪತ್ರಿಕೆ ಓದುವವರೆಲ್ಲ ಐಟಿಯವರಲ್ಲ. ಹಾಗಾಗಿ ಮೆಮೊರಿ ಲೀಕ್ ಎಂದರೇನು ಎಂದು ನಮ್ಮೂರ ಭಾಷೆಯಲ್ಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ಅನೇಕ ದೇವಸ್ಥಾನಗಳಲ್ಲಿ ಒಂದು ಪಾತ್ರೆ ಕೋಣೆ ಇರುತ್ತದೆ. ಮದುವೆ, ಮುಂಜಿ ಇದ್ದವರು ಬಂದು ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಪುಸ್ತಕದಲ್ಲಿ ಬರೆಸಿ ಒಯ್ಯುತ್ತಾರೆ. ಕೆಲಸ ಮುಗಿದ ಮೇಲೆ ತೊಳೆದು ತಂದುಕೊಡಬೇಕು. ಕಂಪ್ಯೂಟರಿನ ಮೆಮೊರಿಯೂ ಇಂಥದೇ ಕೋಣೆ. ಪ್ರೋಗ್ರಾಮು ಒಂದು ಕೆಲಸಕ್ಕೆ ಇಷ್ಟು ಜಾಗ ಬೇಕು ಎಂದು ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿ ಭಾಷೆಯಲ್ಲಿ ಹಿಂದಿರುಗಿಸುವ ಜವಾಬ್ದಾರಿ ಪೂರ್ತಿ ಬರೆಯುವವನದೇ. ಅವನು ಮರೆತರೆ ಯಾರೂ ಕೇಳುವುದಿಲ್ಲ.

ಒಂದು ಸಲ ಒಂದು ಸೌಟು ಮರೆತರೆ ಏನೂ ಆಗದು. ಆದರೆ ಪ್ರತಿ ಮದುವೆಗೂ ಒಂದೊಂದು ಸೌಟು ಕಾಣೆಯಾಗುತ್ತಾ ಹೋದರೆ? ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಒಳ್ಳೆಯದಕ್ಕೇ ಬಳಸುತ್ತೇವೆ. ಮೆಮೊರಿ ಲೀಕ್ ಎಂದರೆ ಅದೇ ಗಾದೆಯ ಕೆಟ್ಟ ಮುಖ.

ಕೋಣೆ ಪೂರ್ತಿ ಖಾಲಿಯಾಗುವ ಮೊದಲೇ ಕೆಲಸ ನಿಧಾನವಾಗುತ್ತದೆ ಎಂಬುದನ್ನೂ ಗಮನಿಸಬೇಕು. ಇಲ್ಲಿ ಪಾತ್ರೆ ಸಾಲದಾದಾಗ ಮೇಲ್ವಿಚಾರಕ ಪಕ್ಕದೂರಿಂದ ತರಿಸಿ ಕೊಡುತ್ತಾನೆ. ಕಂಪ್ಯೂಟರೂ ಹಾಗೆಯೇ, ಮೆಮೊರಿ ಸಾಲದಾದಾಗ ಡಿಸ್ಕಿನ ಜಾಗವನ್ನು ಮೆಮೊರಿಯಂತೆ ಬಳಸುತ್ತದೆ. ಡಿಸ್ಕು ಮೆಮೊರಿಗಿಂತ ಸಾವಿರಾರು ಪಟ್ಟು ನಿಧಾನ. ಆ ಸರ್ವರನ್ನು ನಂಬಿಕೊಂಡ ನೂರು ಕಂಪ್ಯೂಟರುಗಳಿದ್ದರೆ ಆ ನೂರೂ ಕಾಯುತ್ತಾ ಕೂರುತ್ತವೆ. ನೋವು ನೂರು ಕಡೆ ಕಾಣಿಸುತ್ತದೆ, ತೂತು ಇರುವುದು ಒಂದೇ ಕಡೆ. ನೆಟ್‌ವರ್ಕಿನಲ್ಲಿ ಲೀಕ್ ಹುಡುಕುವುದು ಕಷ್ಟ ಎನ್ನುವುದು ಇದಕ್ಕೇ.

ಚೀಟಿಯಿಂದ ಪರದೆಗೆ

ಈಗ ಲಂಡನ್. ಅಲ್ಲಿನ ಆಂಬುಲೆನ್ಸ್ ಸರ್ವಿಸ್ 1992ರಲ್ಲಿ ಸುಮಾರು 600 ಚದರ ಮೈಲಿ ಪ್ರದೇಶದ 68 ಲಕ್ಷ ನಿವಾಸಿಗಳಿಗೆ ಸೇವೆ ಕೊಡುತ್ತಿತ್ತು. ದಿನಕ್ಕೆ 2,000ದಿಂದ 2,500 ಕರೆಗಳು. ಅವುಗಳಲ್ಲಿ 1,300ರಿಂದ 1,600 ತುರ್ತು ಕರೆಗಳು.

ಕಂಪ್ಯೂಟರ್ ಬರುವ ಮೊದಲು ಎಲ್ಲವೂ ಕಾಗದದಲ್ಲೇ ನಡೆಯುತ್ತಿತ್ತು. ಫೋನು ತೆಗೆದವರು ವಿವರಗಳನ್ನು ಅಚ್ಚಾದ ಚೀಟಿಯ ಮೇಲೆ ಬರೆದುಕೊಂಡು, ನಕ್ಷೆಪುಸ್ತಕದಲ್ಲಿ ಜಾಗ ಹುಡುಕಿ, ಆ ಚೀಟಿಯನ್ನು ಕನ್ವೇಯರ್ ಬೆಲ್ಟಿನ ಮೇಲೆ ಇಡುತ್ತಿದ್ದರು. ಬೆಲ್ಟಿನ ಕೊನೆಯಲ್ಲಿ ಇನ್ನೊಬ್ಬರು ಚೀಟಿಗಳನ್ನು ಒಟ್ಟುಮಾಡಿ, ಯಾವ ವಿಭಾಗಕ್ಕೆ ಹೋಗಬೇಕೆಂದು ನಿರ್ಧರಿಸಿ, ಒಂದೇ ಅಪಘಾತಕ್ಕೆ ಎರಡು ಕರೆ ಬಂದಿದ್ದರೆ ಅದನ್ನೂ ಗುರುತಿಸುತ್ತಿದ್ದರು. ನಂತರ ಯಾವ ಗಾಡಿ ಹೋಗಬೇಕೆಂಬ ತೀರ್ಮಾನ, ಆಮೇಲೆ ಫೋನು ಅಥವಾ ರೇಡಿಯೋ. ಇದೆಲ್ಲ ಮೂರು ನಿಮಿಷದೊಳಗೆ ಮುಗಿಯಬೇಕಿತ್ತು.

ಈ ಪದ್ಧತಿಯ ಮಿತಿಗಳು ಎಲ್ಲರಿಗೂ ಗೊತ್ತಿದ್ದವು. ಕಂಪ್ಯೂಟರೀಕರಣದ ಮೊದಲ ಪ್ರಯತ್ನವನ್ನು ಸುಮಾರು 75 ಲಕ್ಷ ಪೌಂಡ್ ಖರ್ಚಾದ ಮೇಲೆ 1990ರಲ್ಲಿ ಕೈಬಿಡಲಾಯಿತು. ಎರಡನೆಯ ಪ್ರಯತ್ನಕ್ಕೆ 1991ರಲ್ಲಿ ಟೆಂಡರ್ ಕರೆದರು. ಗೆದ್ದದ್ದು ಸುಮಾರು 9 ಲಕ್ಷ 37 ಸಾವಿರ ಪೌಂಡಿನ ಟೆಂಡರ್, ನಂತರದ ಟೆಂಡರಿಗಿಂತ ಏಳು ಲಕ್ಷದಷ್ಟು ಕಡಿಮೆ. 1992ರ ಜನವರಿ 8ಕ್ಕೆ ಎಲ್ಲ ಮುಗಿಯಬೇಕೆಂಬ ಗಡುವು. ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿಮೆ ದುಡ್ಡು, ಬಿಗಿ ಗಡುವು, ಮಧ್ಯದಲ್ಲಿ ಸಿಕ್ಕಿಕೊಂಡ ಸಣ್ಣ ಸಾಫ್ಟ್‌ವೇರ್ ಕಂಪನಿ.

ಗಡುವು ತಪ್ಪಿತು. ವ್ಯವಸ್ಥೆಯನ್ನು ತುಂಡುತುಂಡಾಗಿ ಜಾರಿಗೆ ತಂದರು. ಕರೆಯ ವಿವರ ಕಂಪ್ಯೂಟರಿಗೆ ಹೋಗಿ, ಪ್ರಿಂಟರಿನಿಂದ ಚೀಟಿಯಾಗಿ ಹೊರಬರುವ ಒಂದು ಮಧ್ಯದ ಹಂತವೂ ಅದರಲ್ಲಿತ್ತು. ಈ ಪ್ರಿಂಟರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡು ನಿಧಾನಗಳು

1992ರ ಅಕ್ಟೋಬರ್ 26, ಸೋಮವಾರ ಬೆಳಿಗ್ಗೆ ಇಡೀ ಲಂಡನ್ನಿಗೆ ಒಂದೇ ಸಲ ಪೂರ್ಣ ಕಂಪ್ಯೂಟರ್ ವ್ಯವಸ್ಥೆ ಜಾರಿಯಾಯಿತು. ಯಾವ ಗಾಡಿ ಎಲ್ಲಿದೆ, ಖಾಲಿ ಇದೆಯೋ ಇಲ್ಲವೋ ಎಂಬ ಮಾಹಿತಿ ಸರಿಯಾಗಿ ಬಂದರೆ ಮಾತ್ರ ಅದು ಸರಿಯಾಗಿ ಓಡುವಂಥದ್ದು. ಮಾಹಿತಿ ಸರಿಯಾಗಿ ಬರಲಿಲ್ಲ. ತಪ್ಪು ಗಾಡಿ ಹೋಯಿತು, ಕೆಲವೆಡೆ ಎರಡೆರಡು ಹೋದವು. ಎಚ್ಚರಿಕೆಯ ಸಂದೇಶಗಳ ಪಟ್ಟಿ ಪರದೆಯನ್ನು ಮೀರಿ ಬೆಳೆಯಿತು. ಪಟ್ಟಿ ಬೆಳೆದಂತೆ ವ್ಯವಸ್ಥೆ ನಿಧಾನವಾಯಿತು. ಆಂಬುಲೆನ್ಸ್ ಬರಲಿಲ್ಲವೆಂದು ಜನ ಮತ್ತೆ ಮತ್ತೆ ಕರೆ ಮಾಡಿದರು, ಅದರಿಂದ ಇನ್ನಷ್ಟು ನಿಧಾನವಾಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ಕಂಪ್ಯೂಟರ್, ಅರ್ಧ ಕೈಕೆಲಸದ ಪದ್ಧತಿಗೆ ಮರಳಿದರು. 28ರಂದು ಸಂಸ್ಥೆಯ ಮುಖ್ಯಸ್ಥ ಜಾನ್ ವಿಲ್ಬಿ ರಾಜೀನಾಮೆ ಕೊಟ್ಟರು. 20-30 ಜನ ಸತ್ತಿರಬಹುದೆಂದು ಪತ್ರಿಕೆಗಳು ಬರೆದವು. ಆಂಬುಲೆನ್ಸ್ ತಡವಾದದ್ದೇ ಸಾವಿಗೆ ಕಾರಣವೆಂದು ಯಾವ ಕೊರೋನರ್ ನ್ಯಾಯಾಲಯವೂ ತೀರ್ಮಾನಿಸಿಲ್ಲ ಎಂದು ತನಿಖಾ ವರದಿ ದಾಖಲಿಸಿತು. ಆದರೆ ಆ ಎರಡು ದಿನ ಫೋನು ಹಿಡಿದು ಕಾದವರ ಪಾಡನ್ನು ಯಾವ ವರದಿಯೂ ತೂಗಲಾರದು.

ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಬರುವುದು ಈ ಎರಡು ದಿನಗಳ ಕಥೆ. ಆದರೆ ಅದರಲ್ಲಿ ಮೆಮೊರಿ ಲೀಕಿನ ಕೈವಾಡ ಇರಲಿಲ್ಲ. ಆ ದಿನ ಕಂಪ್ಯೂಟರ್ ತಾಂತ್ರಿಕವಾಗಿ ಕೆಡಲಿಲ್ಲ, ಹೇಗೆ ರೂಪಿಸಿದ್ದರೋ ಹಾಗೆಯೇ ಓಡಿತು, ರೂಪಿಸಿದ್ದೇ ತಪ್ಪಾಗಿತ್ತು ಎಂಬ ಅರ್ಥದಲ್ಲಿ ವರದಿ ಬರೆಯುತ್ತದೆ. ಲೀಕಿನ ಕಥೆ ನಡೆದದ್ದು ಒಂಬತ್ತು ದಿನ ಬಿಟ್ಟು.

ಮುಖ್ಯಸ್ಥರು ಹೋದ ಮೇಲೆ ಅರೆ-ಕಂಪ್ಯೂಟರ್ ಪದ್ಧತಿ ಹೆಚ್ಚುವರಿ ಸಿಬ್ಬಂದಿಯ ಸಹಾಯದಿಂದ ತಕ್ಕಮಟ್ಟಿಗೆ ನಡೆಯುತ್ತಿತ್ತು. ಎಲ್ಲರೂ ಸ್ವಲ್ಪ ಉಸಿರಾಡುವಂತಾಗಿತ್ತು. ನವೆಂಬರ್ 4ರ ನಸುಕಿನಲ್ಲಿ, 2 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ವ್ಯವಸ್ಥೆ ಇದ್ದಕ್ಕಿದ್ದಂತೆ ತೀರಾ ನಿಧಾನವಾಯಿತು. ಆಮೇಲೆ ಪೂರ್ತಿ ನಿಂತೇಹೋಯಿತು.

ಸಿಬ್ಬಂದಿ ತಮಗೆ ಹೇಳಿಕೊಟ್ಟಿದ್ದನ್ನೇ ಮಾಡಿದರು. ತಮ್ಮ ಮುಂದಿದ್ದ ಕಂಪ್ಯೂಟರುಗಳನ್ನು ಆರಿಸಿ ಮತ್ತೆ ಹಾಕಿದರು. ಏನೂ ಆಗಲಿಲ್ಲ. ಒಳಗಿದ್ದ ಕರೆಗಳನ್ನು ಪ್ರಿಂಟ್ ತೆಗೆಯಲೂ ಆಗಲಿಲ್ಲ. ಕೊನೆಗೆ ಕಾಗದ, ಫೋನು, ರೇಡಿಯೋಗಳಿಗೇ ಮರಳಿದರು. ನಸುಕಿನ ಹೊತ್ತು, ಕರೆಗಳು ಕಡಿಮೆ, ಹಾಗಾಗಿ ಅನಾಹುತ ದೊಡ್ಡದಾಗಲಿಲ್ಲ. ಅದೇ ಸಂಜೆ 6 ಗಂಟೆಗೆ ಆಗಿದ್ದರೆ ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೂರು ವಾರದ ಹಿಂದಿನ ಒಂದು ತುಣುಕು

ತನಿಖಾ ವರದಿ 1993ರ ಫೆಬ್ರವರಿಯಲ್ಲಿ ಹೊರಬಂತು. ನವೆಂಬರ್ 4ರ ಬಗ್ಗೆ ಅದು ಕೊಟ್ಟ ಕಾರಣ ನಾಲ್ಕೈದು ವಾಕ್ಯಗಳಷ್ಟೆ. ಸುಮಾರು ಮೂರು ವಾರ ಮೊದಲು ಸಾಫ್ಟ್‌ವೇರ್ ಕಂಪನಿಯ ಒಬ್ಬ ಪ್ರೋಗ್ರಾಮರ್ ಯಾವುದೋ ಕೆಲಸ ಮಾಡುವಾಗ ಒಂದು ತುಣುಕು ಕೋಡನ್ನು ಅಕಸ್ಮಾತ್ತಾಗಿ ಅಲ್ಲೇ ಬಿಟ್ಟಿದ್ದ. ಪ್ರತಿಸಲ ಒಂದು ಗಾಡಿಗೆ ಹೊರಡುವ ಆದೇಶ ಹೋದಾಗಲೂ ಆ ತುಣುಕು ಫೈಲ್ ಸರ್ವರಿನ ಸ್ವಲ್ಪ ಮೆಮೊರಿ ತೆಗೆದುಕೊಳ್ಳುತ್ತಿತ್ತು, ಹಿಂದಿರುಗಿಸುತ್ತಿರಲಿಲ್ಲ. ಮೂರು ವಾರದಲ್ಲಿ ಇದ್ದ ಮೆಮೊರಿಯೆಲ್ಲ ತೀರಿತು.

ಸುಮ್ಮನೆ ಒಂದು ಅಂದಾಜು ಹಾಕಿ ನೋಡೋಣ. ಒಂದು ಆದೇಶಕ್ಕೆ 200 ಬೈಟ್ ಸೋರಿತು ಎಂದುಕೊಳ್ಳಿ, ಅಂದರೆ ಒಂದು ಎಸ್ಸೆಮ್ಮೆಸ್ಸಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ 2,000 ಆದೇಶ, 21 ದಿನ. ಒಟ್ಟು 84 ಲಕ್ಷ ಬೈಟ್, ಎಂದರೆ 8 ಮೆಗಾಬೈಟಿಗೂ ಹೆಚ್ಚು. ಆ ಕಾಲದ ಒಂದು ಸಾಧಾರಣ ಪಿಸಿಯಲ್ಲಿ ಇರುತ್ತಿದ್ದ ಒಟ್ಟು ಮೆಮೊರಿಯೇ 4 ಮೆಗಾಬೈಟಿನ ಆಸುಪಾಸು. ಅಂಕಿಗಳು ನನ್ನ ಊಹೆ, ಆದರೆ ಲೆಕ್ಕದ ಸ್ವಭಾವ ಇದೇ.

ದಿನಾಂಕಗಳನ್ನು ಹೊಂದಿಸಿ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ನವೆಂಬರ್ 4ಕ್ಕೆ ಮೂರು ವಾರ ಹಿಂದೆ ಎಂದರೆ ಅಕ್ಟೋಬರ್ ಮಧ್ಯಭಾಗ. ಅಂದರೆ ಅಕ್ಟೋಬರ್ 26ರ ಗದ್ದಲದಲ್ಲಿ ಮಂತ್ರಿಗಳು, ಪತ್ರಕರ್ತರು, ಅಧಿಕಾರಿಗಳು ಎಲ್ಲ ಆ ವ್ಯವಸ್ಥೆಯನ್ನೇ ದಿಟ್ಟಿಸಿ ನೋಡುತ್ತಿದ್ದಾಗಲೂ ಸರ್ವರಿನಲ್ಲಿ ಸೋರಿಕೆ ನಡೆದೇ ಇತ್ತು. ಎರಡು ಬೇರೆ ಬೇರೆ ಕಾಯಿಲೆಗಳು, ಹೊರಗೆ ಕಾಣುವ ಲಕ್ಷಣ ಒಂದೇ: “ಸಿಸ್ಟಮ್ ಸ್ಲೋ ಇದೆ.” ಮೊದಲನೆಯದಕ್ಕೆ ಕಾರಣ ಗೊತ್ತಾದ ಕೂಡಲೇ ನಿಧಾನಕ್ಕೆಲ್ಲ ಅದೇ ಕಾರಣ ಎಂದುಕೊಳ್ಳುವುದು ಸಹಜ. ಜ್ವರಕ್ಕೆ ಒಂದೇ ಕಾಯಿಲೆ ಇರುವುದಿಲ್ಲ ಎಂದು ನಮ್ಮ ಅಜ್ಜಿಯಂದಿರಿಗೂ ಗೊತ್ತು, ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ.

ಎರಡನೆಯದು, ರೀಸ್ಟಾರ್ಟ್ ಮಾಡಿದ್ದು ಮೇಜಿನ ಮೇಲಿನ ಕಂಪ್ಯೂಟರುಗಳನ್ನು. ಸೋರುತ್ತಿದ್ದದ್ದು ಫೈಲ್ ಸರ್ವರ್. ಮದುವೆ ಮನೆಯ ಅಡುಗೆಯವರನ್ನು ಬದಲಾಯಿಸಿದರೆ ಪಾತ್ರೆ ಕೋಣೆ ತುಂಬುತ್ತದೆಯೇ?

ಮೂರನೆಯದು, ಒಂದು ಸರ್ವರ್ ಬಿದ್ದರೆ ಎರಡನೆಯದು ಕೆಲಸ ವಹಿಸಿಕೊಳ್ಳಬೇಕಿತ್ತು. ಆ ಏರ್ಪಾಟನ್ನು ರೂಪಿಸಿದ್ದು ಕಾಗದವೇ ಇಲ್ಲದ ಪೂರ್ಣ ವ್ಯವಸ್ಥೆಗೆ. ಆ ರಾತ್ರಿ ಓಡುತ್ತಿದ್ದದ್ದು ಪ್ರಿಂಟರ್ ನೆಚ್ಚಿಕೊಂಡ ಮಧ್ಯದ ವ್ಯವಸ್ಥೆ. ಆ ಸ್ಥಿತಿಯಲ್ಲಿ ಸರ್ವರ್ ಬಿದ್ದರೆ ಏನಾಗುತ್ತದೆ ಎಂದು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಸಂಸ್ಥೆಗೆ ತನ್ನದೇ ಆದ ಒಬ್ಬ ನೆಟ್‌ವರ್ಕ್ ಮ್ಯಾನೇಜರ್ ಕೂಡ ಇರಲಿಲ್ಲ ಎಂದು ವರದಿ ಬೊಟ್ಟು ಮಾಡುತ್ತದೆ.

ವರದಿಯ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಈ ತಪ್ಪು ಅಜಾಗರೂಕತೆಯಿಂದ ಆದದ್ದು, ಕೋಡಿನ ಬದಲಾವಣೆಗಳನ್ನು ಪರಿಶೀಲಿಸುವ ಕ್ರಮ ಇಲ್ಲದ್ದರಿಂದ ಆದದ್ದು ಎಂದು ಹೇಳಿದ ಮೇಲೆ, ಇಂಥ ದೋಷ ಮಾಮೂಲಿ ಟೆಸ್ಟಿಂಗ್‌ನಲ್ಲಿ ಸಿಗುವ ಸಂಭವವೂ ಕಡಿಮೆ ಎಂದು ಅದು ಒಪ್ಪಿಕೊಳ್ಳುತ್ತದೆ. ನಿಜ. ಟೆಸ್ಟು ಒಂದು ಗಂಟೆ ನಡೆಯುತ್ತದೆ, ಲೀಕಿಗೆ ಮೂರು ವಾರ ಬೇಕು. ಹಾಗಾದರೆ ಅದನ್ನು ಹಿಡಿಯುವುದು ಹೇಗೆ?

ಕಳ್ಳನನ್ನು ಹಿಡಿಯುವ ಉಪಾಯಗಳು

ವಿಚಿತ್ರವೆಂದರೆ, ಅದೇ 1992ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಇಬ್ಬರು ಇದಕ್ಕೆ ಉತ್ತರ ಮಂಡಿಸಿದ್ದರು: ರೀಡ್ ಹೇಸ್ಟಿಂಗ್ಸ್ ಮತ್ತು ಬಾಬ್ ಜಾಯ್ಸ್. ಹೌದು, ಮುಂದೆ ನೆಟ್‌ಫ್ಲಿಕ್ಸ್ ಸ್ಥಾಪಿಸಿದ ಅದೇ ಹೇಸ್ಟಿಂಗ್ಸ್. ಅವರ ಉಪಕರಣದ ಹೆಸರು ಪ್ಯೂರಿಫೈ. ಸನ್ ಕಂಪನಿಯ ಯುನಿಕ್ಸ್ ಯಂತ್ರಗಳಿಗಾಗಿ ಮಾಡಿದ್ದು, ಹಾಗಾಗಿ ಲಂಡನ್ನಿನ ಪಿಸಿಗಳ ಜಾಲಕ್ಕೆ ನೇರವಾಗಿ ಒದಗುತ್ತಿರಲಿಲ್ಲ.

ಅದರ ಮೂಲ ಉಪಾಯ ಇನ್ನೂ ಹಳೆಯದು. 1960ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಬಳಸದ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ವಿಧಾನ ಕೊಟ್ಟಿದ್ದರು. ಇಂದು ಅದನ್ನು ಗಾರ್ಬೇಜ್ ಕಲೆಕ್ಷನ್ ಎನ್ನುತ್ತೇವೆ. ನಮ್ಮ ಪಾತ್ರೆ ಕೋಣೆಯ ಭಾಷೆಯಲ್ಲಿ ಹೇಳುವುದಾದರೆ, ಊರಲ್ಲಿರುವ ಚೀಟಿಗಳನ್ನೆಲ್ಲ ಒಟ್ಟುಮಾಡಿ, ಯಾವ ಪಾತ್ರೆ ಯಾರ ಚೀಟಿಯಲ್ಲಿದೆ ಎಂದು ಗುರುತು ಹಾಕಬೇಕು. ಯಾರ ಚೀಟಿಯಲ್ಲೂ ಇಲ್ಲದ ಪಾತ್ರೆ ಅನಾಥ. ಲಿಸ್ಪ್ ಅಂಥವನ್ನು ತಾನೇ ತಂದು ಒಳಗಿಡುತ್ತಿತ್ತು. ಪ್ಯೂರಿಫೈ ತರುತ್ತಿರಲಿಲ್ಲ, ಆದರೆ “ಈ ಪಾತ್ರೆ ಅನಾಥ, ಕೊಂಡೊಯ್ದದ್ದು ಕೋಡಿನ ಇಂಥ ಸಾಲು” ಎಂದು ಬೆರಳು ತೋರಿಸುತ್ತಿತ್ತು. 2002ರಲ್ಲಿ ಜೂಲಿಯನ್ ಸೆವಾರ್ಡ್ ಬಿಡುಗಡೆ ಮಾಡಿದ ವಾಲ್‌ಗ್ರಿಂಡ್ ಇದೇ ಕೆಲಸವನ್ನು ಲಿನಕ್ಸ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿತು.

1990ರ ದಶಕದ ನಡುವೆ ಜಾವಾ ಬಂದಾಗ ಗಾರ್ಬೇಜ್ ಕಲೆಕ್ಷನ್ ಮನೆಮಾತಾಯಿತು. ಇನ್ನು ಲೀಕಿನ ಕಾಟ ಮುಗಿಯಿತು ಎಂದು ನಮ್ಮ ಪೀಳಿಗೆಗೆ ಕಾಲೇಜಿನಲ್ಲಿ ಹೇಳಿಕೊಟ್ಟರು. ಮುಗಿಯಲಿಲ್ಲ. ಪಾತ್ರೆ ಯಾರಿಗೂ ಬೇಕಾಗಿಲ್ಲ, ಆದರೆ ಚೀಟಿ ಹರಿಯದೆ ಯಾರದೋ ಜೇಬಿನಲ್ಲಿ ಉಳಿದಿದೆ ಎಂದರೆ ಕಲೆಕ್ಟರ್ ಅದನ್ನು ಮುಟ್ಟುವುದಿಲ್ಲ. ಇಂಥ ಲೀಕನ್ನು ಹಿಡಿಯಲು ಬೇರೆ ದಾರಿ ಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆಮೊರಿಯಲ್ಲಿ ಏನೇನಿದೆ ಎಂದು ಪೂರ್ತಿ ಪಟ್ಟಿ ತೆಗೆದು, ಒಂದರಿಂದ ಒಂದನ್ನು ಕಳೆಯಬೇಕು. ಯಾವುದು ಬೆಳೆಯುತ್ತಲೇ ಇದೆಯೋ ಅದರ ಜಾಡು ಹಿಡಿಯಬೇಕು. ಯಾವ ಕೆಲಸ ಒಂದು ಸಲ ಆದಾಗ ಅದು ಒಂದು ಹೆಚ್ಚುತ್ತದೆ ಎಂದು ಕಂಡುಕೊಂಡರೆ ಕಳ್ಳ ಸಿಕ್ಕ ಹಾಗೆಯೇ. ಲಂಡನ್ನಿನಲ್ಲಿ ಅದು “ಗಾಡಿಗೆ ಹೋದ ಪ್ರತಿ ಆದೇಶ”.

ಯಯಾತಿಯ ಯೌವನ

ಉಪಕರಣಗಳು ಬಂದರೂ ಹೆಚ್ಚಿನವರು ಹಿಡಿದದ್ದು ಸುಲಭದ ದಾರಿ, ರೀಸ್ಟಾರ್ಟ್. ಇದನ್ನು ಬರೀ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. 1995ರಲ್ಲಿ ಬೆಲ್ ಲ್ಯಾಬ್ಸ್‌ನ ಯೆನ್ನುನ್ ಹುವಾಂಗ್, ಚಂದ್ರ ಕಿಂತಲ ಮತ್ತು ಸಂಗಡಿಗರು ಇದಕ್ಕೆ ಶಾಸ್ತ್ರೀಯ ರೂಪವನ್ನೇ ಕೊಟ್ಟರು. ಬಹಳ ಕಾಲ ಓಡುವ ಸಾಫ್ಟ್‌ವೇರಿಗೆ ಮುಪ್ಪು ಬರುತ್ತದೆ, ಅದು ಕುಸಿಯುವ ಮೊದಲೇ ನಾವಾಗಿ ನಿಲ್ಲಿಸಿ ಮತ್ತೆ ಹೊಸದಾಗಿ ಶುರುಮಾಡಿದರೆ ನಷ್ಟ ಕಡಿಮೆ ಎಂಬುದು ಅವರ ವಾದ. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ “ಮತ್ತೆ ಯೌವನ ಕೊಡುವುದು”.

ನಮಗೆ ಯಯಾತಿಯ ಕಥೆ ಗೊತ್ತು. ಅವನಿಗೆ ಯೌವನ ಮರಳಿದಾಗ ಮುಪ್ಪು ಮಾಯವಾಗಲಿಲ್ಲ, ಪುರುವಿನ ಹೆಗಲಿಗೆ ಹೋಯಿತು. ರೀಸ್ಟಾರ್ಟಿನದೂ ಹಾಗೆಯೇ. ಎಷ್ಟು ಹೊತ್ತಿಗೆ ಮುಪ್ಪು ಬರುತ್ತದೆ ಎಂದು ಅಳೆದು, ಲೆಕ್ಕ ಹಾಕಿ ಮಾಡಿದರೆ ಅದು ಚಿಕಿತ್ಸೆ. ಅಳೆಯದೆ ಮಾಡಿದರೆ ಭಾರವನ್ನು ಯಾರೋ ಕಾಣದವರ ಮೇಲೆ ಹಾಕಿದಂತೆ.

ಅಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಪ್ರಕರಣಕ್ಕೂ ಮುಂಚಿನ ಒಂದು ಉದಾಹರಣೆ ಇದೆ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಒಂದು ಸ್ಕಡ್ ಕ್ಷಿಪಣಿ ಅಮೆರಿಕನ್ ಸೈನಿಕರ ವಸತಿಯ ಮೇಲೆ ಬಿದ್ದು 28 ಜನ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆಯ ಕಂಪ್ಯೂಟರ್ 100 ಗಂಟೆಗೂ ಹೆಚ್ಚು ಕಾಲದಿಂದ ನಿಲ್ಲದೆ ಓಡುತ್ತಿತ್ತು. ಅಲ್ಲಿದ್ದದ್ದು ಮೆಮೊರಿ ಲೀಕ್ ಅಲ್ಲ, ಅದರ ದಾಯಾದಿ. ಸಮಯದ ಲೆಕ್ಕದಲ್ಲಿನ ಒಂದು ಅತಿ ಸಣ್ಣ ತಪ್ಪು ಕೂಡುತ್ತಾ ಕೂಡುತ್ತಾ 100 ಗಂಟೆಗೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿತ್ತು. ವೇಗವಾಗಿ ಬರುವ ಕ್ಷಿಪಣಿಯನ್ನು ತಪ್ಪು ಜಾಗದಲ್ಲಿ ಹುಡುಕಲು ಅಷ್ಟು ಸಾಕು. ಬಹಳ ಹೊತ್ತು ಓಡಿಸಿದರೆ ತೊಂದರೆಯಾದೀತು ಎಂಬ ಎಚ್ಚರಿಕೆ ನಾಲ್ಕು ದಿನ ಮೊದಲೇ ಹೋಗಿತ್ತು. “ಬಹಳ ಹೊತ್ತು” ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಇರಲಿಲ್ಲ. ತಿದ್ದಿದ ಸಾಫ್ಟ್‌ವೇರ್ ಧಹ್ರಾನಿಗೆ ಬಂದು ಮುಟ್ಟಿದ್ದು ಮರುದಿನ, ಫೆಬ್ರವರಿ 26ಕ್ಕೆ.

ಇಪ್ಪತ್ತು ವರ್ಷದ ನಂತರ

ಇವೆಲ್ಲ ಹಳೆಯ ಕಾಲದ ಕಥೆ ಎನಿಸಿದರೆ 2012ರ ಅಕ್ಟೋಬರ್ 22ಕ್ಕೆ ಬನ್ನಿ. ಲಂಡನ್ ಘಟನೆಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ. ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನಿನ ಕ್ಲೌಡ್ ಕೇಂದ್ರದ ಐದು ವಲಯಗಳಲ್ಲಿ ಒಂದರಲ್ಲಿ ಕೆಲವು ಡಿಸ್ಕುಗಳು ನಿಧಾನವಾದವು, ಆಮೇಲೆ ಸಿಕ್ಕಿಕೊಂಡವು. ರೆಡಿಟ್, ಪಿಂಟರೆಸ್ಟ್, ಫೋರ್‌ಸ್ಕ್ವೇರ್‌ನಂಥ ತಾಣಗಳು ತೊಂದರೆಗೆ ಸಿಲುಕಿದವು.

ಕಾರಣವನ್ನು ಕಂಪನಿಯೇ ಬಹಿರಂಗವಾಗಿ ವಿವರಿಸಿತು. ಹಿಂದಿನ ವಾರ ಅಂಕಿಅಂಶ ಸಂಗ್ರಹಿಸುವ ಒಂದು ಸರ್ವರ್ ಕೆಟ್ಟಿತ್ತು, ಬದಲಾಯಿಸಿದರು. ಹೊಸ ವಿಳಾಸ ಒಳಗಿನ ಎಲ್ಲ ಕಡೆ ತಲುಪಲಿಲ್ಲ. ಡಿಸ್ಕ್ ಸರ್ವರುಗಳಲ್ಲಿ ಓಡುತ್ತಿದ್ದ ಒಂದು ಸಣ್ಣ ಪ್ರೋಗ್ರಾಮು ಇಲ್ಲದ ಹಳೆಯ ವಿಳಾಸಕ್ಕೆ ಮತ್ತೆ ಮತ್ತೆ ಕರೆ ಮಾಡುತ್ತಿತ್ತು, ಪ್ರತಿ ವಿಫಲ ಕರೆಗೂ ಒಂದಿಷ್ಟು ಮೆಮೊರಿ ಸೋರುತ್ತಿತ್ತು. ಆ ಪ್ರೋಗ್ರಾಮು ಅಂಥ ಮುಖ್ಯದ್ದೇನೂ ಅಲ್ಲ, ಅಂಕಿಅಂಶ ಒಪ್ಪಿಸುವುದಷ್ಟೇ ಅದರ ಕೆಲಸ. ಆದರೆ ಅದು ನುಂಗಿದ ಮೆಮೊರಿ ಮುಖ್ಯ ಕೆಲಸಕ್ಕೆ ಬೇಕಾದದ್ದು.

ಅಷ್ಟು ದೊಡ್ಡ ಕಂಪನಿಗೆ ಇದು ಮೊದಲೇ ಏಕೆ ಕಾಣಲಿಲ್ಲ? ಅವರು ನೋಡುತ್ತಿದ್ದದ್ದು ಇಡೀ ಸರ್ವರಿನ ಒಟ್ಟು ಮೆಮೊರಿಯನ್ನು. ಆ ಸರ್ವರುಗಳು ಇರುವ ಮೆಮೊರಿಯನ್ನೆಲ್ಲ ಬಳಸಿಕೊಳ್ಳುವಂತೆಯೇ ಮಾಡಿದವು, ಹಾಗಾಗಿ ತುಂಬಿದೆ ಎಂಬುದು ಸುದ್ದಿಯೇ ಅಲ್ಲ. ಯಾರು ಎಷ್ಟು ಹಿಡಿದಿದ್ದಾರೆ ಎಂಬ ಬಿಡಿ ಲೆಕ್ಕ ಇರಲಿಲ್ಲ. ತೊಂದರೆ ಶುರುವಾಗಿ ಐದು ಗಂಟೆಯ ಮೇಲೆ ಮೂಲ ಪತ್ತೆಯಾಯಿತು, ಆ ಪ್ರೋಗ್ರಾಮು ಹಿಡಿದಿಟ್ಟ ಮೆಮೊರಿಯನ್ನು ಬಿಡಿಸಿದ ಮೇಲೆ ಎಲ್ಲ ಸರಿಯಾಯಿತು. ಆಮೇಲೆ ಅವರು ಲೀಕನ್ನು ತಿದ್ದಿದ್ದಲ್ಲದೆ, ಪ್ರತಿ ಪ್ರೋಗ್ರಾಮಿನ ಮೆಮೊರಿಯನ್ನೂ ಬೇರೆಬೇರೆಯಾಗಿ ನೋಡುವ, ಮುಖ್ಯವಲ್ಲದವಕ್ಕೆ ಮಿತಿ ಹಾಕುವ ಕ್ರಮವನ್ನು ಪ್ರಕಟಿಸಿದರು.

ಲಂಡನ್ನಿನವರೂ ಪಾಠ ಕಲಿತರು. ಹೊಸ ವ್ಯವಸ್ಥೆಯನ್ನು ಅವಸರವಿಲ್ಲದೆ, ಹಂತಹಂತವಾಗಿ, ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು ಕಟ್ಟಿದರು. ಅದು 1996ರಲ್ಲಿ ಚಾಲನೆಗೆ ಬಂತು. ಮರುವರ್ಷ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿಯೂ ಬಂತು.

ಮತ್ತೆ ಪುಣೆಗೆ

ಈಗ ನನ್ನ ಟಿಕೆಟ್ಟಿನ ವಿಷಯ. ನಾನು ಅದನ್ನು ಮುಚ್ಚಿ ಏಳು ತಿಂಗಳಾಗಿತ್ತು. ಸೆಪ್ಟೆಂಬರ್, ಪುಣೆಯಲ್ಲಿ ಡೆಂಗಿ ಜೋರಾಗಿದ್ದ ವರ್ಷ. ಆಸ್ಪತ್ರೆಯ ರಕ್ತಪರೀಕ್ಷೆಗಳು ಎರಡು ಪಟ್ಟಿಗಿಂತ ಹೆಚ್ಚಾದವು. ನಮ್ಮ ಸರ್ವರ್ ನಸುಕಿನ 2 ಗಂಟೆಯ ರೀಸ್ಟಾರ್ಟಿನವರೆಗೆ ತಾಳಲಿಲ್ಲ. ಮಧ್ಯಾಹ್ನ 4ಕ್ಕೇ ಕುಂಟತೊಡಗಿತು. ಆ ಹೊತ್ತಿನಲ್ಲಿ ಪ್ಲೇಟ್‌ಲೆಟ್ ಎಣಿಕೆ ನೋಡದೆ ಡಾಕ್ಟರು ಮುಂದಿನ ಹೆಜ್ಜೆ ಇಡುವಂತಿಲ್ಲ. ವಾರ್ಡಿನವರು “ನೆಟ್‌ವರ್ಕ್ ಸ್ಲೋ ಇದೆ” ಎಂದರು, ನೆಟ್‌ವರ್ಕಿನವರು ಒಂದು ಸ್ವಿಚ್ ಬದಲಾಯಿಸಿದರು. ನರ್ಸುಗಳು ತಮ್ಮ ಕಂಪ್ಯೂಟರುಗಳನ್ನು ಆರಿಸಿ ಹಾಕಿದರು. ಲ್ಯಾಬಿನ ಹುಡುಗರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಮೆಟ್ಟಿಲು ಹತ್ತಿ ಓಡಿದರು. ಅವರ ಕಾಲಿನ ದೆಸೆಯಿಂದ ಯಾರಿಗೂ ಏನೂ ಆಗಲಿಲ್ಲ. ನನ್ನ ದೆಸೆಯಿಂದಲ್ಲ.

ಆ ಸಂಜೆ ಧಾರವಾಡದ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದಳು. ಟಿಕೆಟ್ ಮುಚ್ಚಿದ ಮೇಲೂ ಅವಳು ಗಂಟೆಗೊಮ್ಮೆ ಸರ್ವರಿನ ಮೆಮೊರಿ, ಎಷ್ಟು ವರದಿ ಹೋದವು ಎಂಬೆರಡನ್ನೂ ತಾನಾಗಿ ದಾಖಲಾಗುವಂತೆ ಮಾಡಿಟ್ಟಿದ್ದಳು.

“ನೋಡ್ರಿ ಸರ್, ಎಷ್ಟ್ ತಾಸ್ ಓಡೇತಿ ಅನ್ನೂದಲ್ಲರಿ, ಎಷ್ಟ್ ರಿಪೋರ್ಟ್ ಹೋಗ್ಯಾವ ಅನ್ನೂದು. ಒಂದ್ ರಿಪೋರ್ಟಿಗೆ ಇಷ್ಟs ಅಂತ ಏರ್ಕೋತ ಹೊಂಟೈತಿ.”

ನಾವು ಗಂಟೆಗಳನ್ನು ಎಣಿಸಿ ರೀಸ್ಟಾರ್ಟ್ ಇಟ್ಟಿದ್ದೆವು, ಸೋರಿಕೆ ಎಣಿಸುತ್ತಿದ್ದದ್ದು ವರದಿಗಳನ್ನು. ಅದು ಗೊತ್ತಾದ ಮೇಲೆ ಕೋಡಿನಲ್ಲಿ ಹುಡುಕಲು ಒಂದು ದಿನ ಸಾಕಾಯಿತು. ಇತ್ತೀಚೆಗೆ ತೆರೆದ ವರದಿಗಳು ಬೇಗ ಸಿಗಲಿ ಎಂದು ಯಾರೋ ಒಂದು ಪಟ್ಟಿ ಮಾಡಿದ್ದರು. ಸೇರಿಸುವ ಸಾಲು ಇತ್ತು, ತೆಗೆಯುವ ಸಾಲು ಇರಲಿಲ್ಲ. ತಿದ್ದಲು ನಾಲ್ಕು ಸಾಲು ಬೇಕಾದವು.

ಆಸ್ಪತ್ರೆಗೆ ಕೊಡಬೇಕಾದ ವರದಿಯಲ್ಲಿ ಮೂಲ ಕಾರಣ ಎಂಬಲ್ಲಿ ನಾನು ಮೊದಲು “ಪ್ರೋಗ್ರಾಮಿಂಗ್ ದೋಷ” ಎಂದು ಬರೆದೆ. ಅದು ಸುಳ್ಳಲ್ಲ. ಲಂಡನ್ನಿನ ವರದಿಯೂ ಹಾಗೆಯೇ ಶುರುವಾಗುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಬದಲಾವಣೆಯನ್ನು ಯಾರು ಪರಿಶೀಲಿಸಬೇಕಿತ್ತು, ಯಾರು ಪರೀಕ್ಷಿಸಬೇಕಿತ್ತು, ಯಾರು ಇರಬೇಕಿತ್ತು ಎಂದು ಕೇಳುತ್ತಾ ಹೋಗುತ್ತದೆ. ಆ ರಾತ್ರಿ ಅದನ್ನು ಓದಿ ಮುಗಿಸಿ, ನನ್ನ ವರದಿಗೆ ಇನ್ನೊಂದು ಸಾಲು ಸೇರಿಸಿದೆ. ದೋಷವನ್ನು ಏಳು ತಿಂಗಳ ಮೊದಲೇ ತಂಡದವರು ಗುರುತಿಸಿದ್ದರು, ಪ್ರಾಜೆಕ್ಟ್ ಮ್ಯಾನೇಜರ್ ಅದನ್ನು ಮುಂದೂಡಿದರು ಎಂದು. ಕಳಿಸುವ ಮೊದಲು ಕೈ ಸ್ವಲ್ಪ ನಡುಗಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಈಗ ಯಾವುದೇ ಹೊಸ ಪ್ರಾಜೆಕ್ಟಿಗೆ ಹೋದರೂ ಮೊದಲ ವಾರ ಎರಡು ಪ್ರಶ್ನೆ ಕೇಳುತ್ತೇನೆ. ಇಲ್ಲಿ ದಿನಾ ತಾನಾಗಿ ರೀಸ್ಟಾರ್ಟ್ ಆಗುವುದು ಯಾವುದಾದರೂ ಇದೆಯೇ? ಇದ್ದರೆ, ಏಕೆ ಎಂದು ಯಾರಿಗಾದರೂ ಗೊತ್ತಿದೆಯೇ? ಮೊದಲನೆಯದಕ್ಕೆ ಹೆಚ್ಚಾಗಿ “ಇದೆ” ಎಂಬ ಉತ್ತರವೇ ಬರುತ್ತದೆ. ಎರಡನೆಯದಕ್ಕೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಿಮ್ಮ ತಂಡದಲ್ಲೂ ಅಂಥದೊಂದು ಇದ್ದು, ಎಲ್ಲೋ ಮೂಲೆಯಲ್ಲಿ ಕೂತ ಹೊಸಬರೊಬ್ಬರು ಅದರ ಬಗ್ಗೆ ಟಿಕೆಟ್ ಹಾಕಿದ್ದರೆ, ದಯವಿಟ್ಟು ಈ ವಾರ ಅದನ್ನು ತೆರೆದು ಓದಿ.